ಗೆಳೆತನದ ಒಳಗಿನ ಬೇಹು: ಅಮೆರಿಕ–ಪಾಕಿಸ್ತಾನದ ಬಗ್ಗೆ ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಊರಿನ ವಾಚನಾಲಯ ಇದೆ. ತಿಂಗಳಿಗೊಂದು ಭಾನುವಾರ ಅಲ್ಲಿ ನಾನು ಚರಿತ್ರೆಯ ಬಗ್ಗೆ ಮಾತಾಡುತ್ತೇನೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು ನಾನು. ಅಮೆರಿಕ–ಪಾಕಿಸ್ತಾನದ ಮಾತು ಬಂದ ದಿನ ಚಹಾ ಆರಿದರೂ ಪ್ರಶ್ನೆ ಮುಗಿಯುವುದಿಲ್ಲ. ಗಲ್ಫಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ವಾಟ್ಸಾಪಿನಲ್ಲಿ ಕೇಳುತ್ತಾರೆ. ಹಿರಿಯರು ಕೆಲವರು ಕಾರ್ಡು ಬರೆದು ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಗಟ್ಟಿಯದ್ದು.

## ಶುರುವಿನ ಪ್ರಶ್ನೆಗಳು

ಮಾಷ್ಟ್ರೇ, ಸ್ನೇಹಿತ ದೇಶದ ಮೇಲೆಯೇ ಗೂಢಚಾರಿಕೆ ಮಾಡುವುದು ಉಂಟಾ?

ಉಂಟು. ಧಾರಾಳ ಉಂಟು.

ನಮ್ಮ ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ಸುರಂಗದ, ಅಂದರೆ ಗುಡ್ಡವನ್ನು ಅಡ್ಡಕ್ಕೆ ಕೊರೆದ ಬಾವಿಯ, ನೀರನ್ನೇ ನಂಬಿದ ಮನೆಗಳಿವೆ. ಒಂದೇ ಸುರಂಗದ ನೀರನ್ನು ಎರಡು ಮನೆಯವರು ಸರದಿಯಲ್ಲಿ ತೋಟಕ್ಕೆ ಬಿಡುತ್ತಾರೆ ಅಂತ ಇಟ್ಟುಕೊಳ್ಳಿ. ಮದುವೆ, ತಿಥಿ ಎಲ್ಲಕ್ಕೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಆದರೂ ಏಪ್ರಿಲ್ ತಿಂಗಳಲ್ಲಿ ನೀರು ಕಡಿಮೆಯಾದಾಗ, ಬೆಳಗ್ಗಿನ ಜಾವ ಎದ್ದು ಪಕ್ಕದವರು ತಮ್ಮ ಸರದಿ ಮುಗಿಸಿದರೋ ಇಲ್ಲವೋ ಅಂತ ಒಮ್ಮೆ ಹೋಗಿ ನೋಡಿ ಬರುವವರು ಇದ್ದೇ ಇರುತ್ತಾರೆ. ಅವರಿಗೆ ಪಕ್ಕದ ಮನೆಯವರ ಮೇಲೆ ದ್ವೇಷ ಇಲ್ಲ. ತಮ್ಮ ಗಿಡ ಒಣಗಬಾರದು, ಅಷ್ಟೇ.

ದೇಶಗಳೂ ಹೀಗೆಯೇ. ಇಸ್ರೇಲ್ ಅಮೆರಿಕದ ಆಪ್ತ ದೇಶ. ಆದರೂ ಅಮೆರಿಕದ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದ ಜೊನಾಥನ್ ಪೊಲಾರ್ಡ್ ಇಸ್ರೇಲಿಗೆ ರಹಸ್ಯ ಕಾಗದಗಳನ್ನು ಸಾಗಿಸಿ 1985ರಲ್ಲಿ ಸಿಕ್ಕಿಬಿದ್ದ. ಮೂವತ್ತು ವರ್ಷ ಜೈಲಿನಲ್ಲಿದ್ದ. 2013ರಲ್ಲಿ ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ಅವರ ಮೊಬೈಲ್ ಮೇಲೆ ಅಮೆರಿಕ ಕಣ್ಣಿಟ್ಟಿತ್ತು ಎಂಬ ಸುದ್ದಿ ಹೊರಬಿತ್ತು. ಗೆಳೆಯರ ನಡುವೆ ಇದು ಸಲ್ಲದು ಅಂತ ಅವರು ಬೇಸರದಿಂದ ಹೇಳಿದರು. ಕೆಲವು ವರ್ಷದ ಮೇಲೆ, ಜರ್ಮನಿಯ ಗುಪ್ತಚರರೂ ಮಿತ್ರ ದೇಶಗಳ ಮೇಲೆ ಇದೇ ಕೆಲಸ ಮಾಡಿದ್ದರು ಎಂಬ ವರದಿಗಳು ಬಂದವು.

ನಂಬಿಕೆಯೇ ಇಲ್ಲದವರು ಒಟ್ಟಿಗೆ ಸೇರಿದ್ದಾದರೂ ಯಾಕೆ?

ಇಬ್ಬರಿಗೂ ಹೆದರಿಕೆ ಇತ್ತು. ಆದರೆ ಹೆದರಿಕೆ ಬೇರೆ ಬೇರೆಯವರದ್ದು. ಅಮೆರಿಕಕ್ಕೆ ಸೋವಿಯತ್ ಒಕ್ಕೂಟದ ಭಯ, ಪಾಕಿಸ್ತಾನಕ್ಕೆ ಭಾರತದ ಭಯ. 1954ರ ಮೇ ತಿಂಗಳಲ್ಲಿ ಇಬ್ಬರೂ ಸೇನಾ ನೆರವಿನ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಪಾಕಿಸ್ತಾನ ಸೀಟೋ ಎಂಬ ಅಮೆರಿಕದ ಕಡೆಯ ಸೇನಾ ಕೂಟಕ್ಕೆ ಸೇರಿತು. ಮರುವರ್ಷ ಅದೇ ಬಗೆಯ ಬಾಗ್ದಾದ್ ಒಪ್ಪಂದಕ್ಕೂ ಸೇರಿತು. ಕಾಗದದ ಮೇಲೆ ಇಬ್ಬರೂ ಒಂದೇ ಪಕ್ಷ. ಮನಸ್ಸಿನಲ್ಲಿದ್ದ ಶತ್ರು ಮಾತ್ರ ಒಬ್ಬನಲ್ಲ. 1965ರಲ್ಲಿ ಭಾರತದ ಜೊತೆ ಯುದ್ಧವಾದಾಗ ಅಮೆರಿಕ ಎರಡೂ ಕಡೆಗೆ ಶಸ್ತ್ರ ಕೊಡುವುದನ್ನು ನಿಲ್ಲಿಸಿತು. ಅಮೆರಿಕದ ಶಸ್ತ್ರವನ್ನೇ ಹೆಚ್ಚಾಗಿ ನಂಬಿದ್ದ ಪಾಕಿಸ್ತಾನಕ್ಕೆ ಪೆಟ್ಟು ಜಾಸ್ತಿ ಬಿತ್ತು. ಬೇಕಾದ ಹೊತ್ತಿಗೆ ಕೈಬಿಟ್ಟರು ಎಂಬ ಮಾತು ಅಲ್ಲಿಂದ ಶುರುವಾಯಿತು. ಇವತ್ತಿಗೂ ಅದು ನಿಂತಿಲ್ಲ.

ತಾಳಮದ್ದಳೆ ಕೇಳಿ ಬೆಳೆದ ನಮಗೆ ಶಲ್ಯನನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಪಾಂಡವರಿಗೆ ನೆರವಾಗಲು ಹೊರಟವನನ್ನು ದುರ್ಯೋಧನ ದಾರಿಯಲ್ಲಿ ಉಪಚಾರ ಮಾಡಿ ತನ್ನವನಾಗಿ ಮಾಡಿಕೊಂಡ. ಕೊನೆಗೆ ಕರ್ಣನ ರಥದ ಹಗ್ಗ ಹಿಡಿದದ್ದು ಅವನೇ. ರಥ ಒಂದೇ, ಕುದುರೆ ಒಂದೇ. ಆದರೆ ದಾರಿಯುದ್ದಕ್ಕೂ ಇಬ್ಬರಿಗೂ ಜಗಳ. ಶಲ್ಯನ ಪಾತ್ರ ಮಾಡುವ ಒಳ್ಳೆಯ ಅರ್ಥಧಾರಿ ಅವನನ್ನು ಬರೇ ದ್ರೋಹಿ ಅಂತ ತೋರಿಸುವುದಿಲ್ಲ. ಅವನಿಗೂ ಒಂದು ನ್ಯಾಯ ಇದೆ. ಈ ಎರಡು ದೇಶಗಳ ಕತೆ ಓದುವಾಗಲೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಸಿಐಎ, ಐಎಸ್‌ಐ ಅಂದ್ರೆ ಪೊಲೀಸಾ, ಮಿಲಿಟರಿಯಾ?

ಪೊಲೀಸ್ ಎರಡೂ ಅಲ್ಲ. ಸಿಐಎ 1947ರಲ್ಲಿ ಹುಟ್ಟಿದ್ದು, ಅಮೆರಿಕದ ನಾಗರಿಕ ಗುಪ್ತಚರ ಸಂಸ್ಥೆ. ಐಎಸ್‌ಐ ಪಾಕಿಸ್ತಾನದ ಗುಪ್ತಚರ ಸಂಸ್ಥೆ, 1948ರದ್ದು. ಕಾಗದದಲ್ಲಿ ಅದು ಪ್ರಧಾನಿಯ ಕೆಳಗೆ ಬರುತ್ತದೆ, ನಿಜಕ್ಕೂ ಸೇನೆಯ ಕೈಯಲ್ಲಿದೆ. ಮುಖ್ಯಸ್ಥರು ಸೇನೆಯ ಜನರಲ್ ದರ್ಜೆಯವರು. ಹಾಗಾಗಿ ಇಸ್ಲಾಮಾಬಾದಿನ ಪ್ರಧಾನಿ ಒಂದು ಮಾತು ಕೊಟ್ಟರೆ ರಾವಲ್ಪಿಂಡಿಯ ಸೇನಾ ಕಚೇರಿಯೂ ಅದನ್ನು ಒಪ್ಪಬೇಕು. ಅಮೆರಿಕದವರು ಯಾರ ಜೊತೆ ಮಾತಾಡಬೇಕು ಎಂಬ ಗೊಂದಲದ ಮೂಲ ಇದೇ.

## ಹಳೆಯ ಕತೆಗಳ ಬಗ್ಗೆ

ಪೇಶಾವರದಿಂದ ರಷ್ಯಾಕ್ಕೆ ಗೂಢಚಾರಿ ವಿಮಾನ ಹಾರಿದ್ದು ನಿಜವಾ?

ನಿಜ. 1960ರ ಮೇ 1ರಂದು ಫ್ರಾನ್ಸಿಸ್ ಗ್ಯಾರಿ ಪವರ್ಸ್ ಎಂಬ ಸಿಐಎ ಪೈಲಟ್ ಪೇಶಾವರದಿಂದ ಯು-2 ವಿಮಾನದಲ್ಲಿ ಹೊರಟ. ಸುಮಾರು 70,000 ಅಡಿ ಎತ್ತರದಲ್ಲಿ ಹಾರುತ್ತಾ ಫೋಟೋ ತೆಗೆಯುವುದು ಅವನ ಕೆಲಸ. ಅಷ್ಟು ಎತ್ತರಕ್ಕೆ ಯಾರ ಕೈಯೂ ತಲುಪದು ಎಂಬ ಧೈರ್ಯ ಇತ್ತು. ಸ್ವೆರ್ದ್ಲೋವ್ಸ್ಕ್ ಹತ್ತಿರ ಸೋವಿಯತ್ ಕ್ಷಿಪಣಿ ಅದನ್ನು ಹೊಡೆದುರುಳಿಸಿತು. ಅದು ಹವಾಮಾನ ನೋಡುವ ವಿಮಾನ, ದಾರಿ ತಪ್ಪಿತು ಅಂತ ಅಮೆರಿಕ ಹೇಳಿತು. ಪೈಲಟ್ ಜೀವಂತ ಸಿಕ್ಕಿದ್ದಾನೆ ಅಂತ ಸೋವಿಯತ್ ನಾಯಕ ಕ್ರುಶ್ಚೇವ್ ಜಗತ್ತಿಗೆ ತಿಳಿಸಿದಾಗ ಆ ಮಾತು ನಿಲ್ಲಲಿಲ್ಲ.

ಪೇಶಾವರದ ಪಕ್ಕದ ಬಡಾಬೇರ್‌ನಲ್ಲಿ ಅಮೆರಿಕದ ಕದ್ದುಕೇಳುವ ಕೇಂದ್ರವೂ ಇತ್ತು. ಅದಕ್ಕೆ 1959ರಲ್ಲಿ ಹತ್ತು ವರ್ಷದ ಒಪ್ಪಂದ ಆಗಿತ್ತು. ವಿಮಾನ ಅಮೆರಿಕದ್ದು. ಆದರೆ ಸೋವಿಯತ್ ಒಕ್ಕೂಟ ಬೆದರಿಕೆ ಹಾಕಿದ್ದು ಪಾಕಿಸ್ತಾನಕ್ಕೂ. ಜಾಗ ಕೊಟ್ಟವನ ಮನೆಗೂ ಬೆಂಕಿ ಬೀಳಬಹುದು ಎಂಬ ಪಾಠ ಅವತ್ತು ಸಿಕ್ಕಿತು. ಒಪ್ಪಂದದ ಅವಧಿ ಮುಗಿದಾಗ ಪಾಕಿಸ್ತಾನ ಅದನ್ನು ಮುಂದುವರಿಸಲಿಲ್ಲ. 1970ರ ಹೊತ್ತಿಗೆ ಆ ಕೇಂದ್ರ ಮುಚ್ಚಿತು.

ಅಫ್ಘಾನ್ ಯುದ್ಧಕ್ಕೆ ಅಮೆರಿಕ ಕೊಟ್ಟ ದುಡ್ಡೆಲ್ಲಾ ಐಎಸ್‌ಐ ಕೈಗೆ ಯಾಕೆ ಹೋಯ್ತು?

ಪಾಕಿಸ್ತಾನ ಹಾಕಿದ ಷರತ್ತೇ ಅದು. ಆದರೆ ಅದಕ್ಕೆ ಮೊದಲು 1979ನೇ ಇಸವಿಯನ್ನು ಸ್ವಲ್ಪ ನೋಡಬೇಕು.

ಆ ವರ್ಷದ ಏಪ್ರಿಲ್‌ನಲ್ಲಿ, ಪಾಕಿಸ್ತಾನ ಗುಟ್ಟಾಗಿ ಯುರೇನಿಯಂ ಶುದ್ಧ ಮಾಡುತ್ತಿದೆ ಅಂತ ಅಮೆರಿಕ ನೆರವು ನಿಲ್ಲಿಸಿತ್ತು. ನವೆಂಬರ್ 21ರಂದು, ಮೆಕ್ಕಾದ ಮಸೀದಿಯ ಮೇಲಿನ ದಾಳಿಯ ಹಿಂದೆ ಅಮೆರಿಕ ಇದೆ ಎಂಬ ಸುಳ್ಳು ಸುದ್ದಿ ಹಬ್ಬಿತು. ಜನ ಹೋಗಿ ಇಸ್ಲಾಮಾಬಾದಿನ ಅಮೆರಿಕನ್ ರಾಯಭಾರ ಕಚೇರಿಗೆ ಬೆಂಕಿ ಹಚ್ಚಿದರು. ಇಬ್ಬರು ಅಮೆರಿಕನ್ನರು ಸತ್ತರು. ಅಲ್ಲೇ ಕೆಲಸಕ್ಕಿದ್ದ ಇಬ್ಬರು ಪಾಕಿಸ್ತಾನಿಗಳೂ ಸತ್ತರು. ಒಳಗೆ ಸಿಕ್ಕಿಬಿದ್ದವರು ಗಂಟೆಗಟ್ಟಲೆ ಕಾದರೂ ಸಹಾಯ ಬರಲಿಲ್ಲ. ಸಂಬಂಧ ಅಷ್ಟು ಕೆಟ್ಟಿತ್ತು. ಇದಾಗಿ ಐದು ವಾರಕ್ಕೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅಮೆರಿಕಕ್ಕೆ ಮತ್ತೆ ಪಾಕಿಸ್ತಾನ ಬೇಕಾಯಿತು.

ಅಮೆರಿಕದ ಅಧ್ಯಕ್ಷ ಕಾರ್ಟರ್ 40 ಕೋಟಿ ಡಾಲರ್ ಕೊಡುತ್ತೇನೆ ಅಂದರು. ಪಾಕಿಸ್ತಾನವನ್ನು ಆಳುತ್ತಿದ್ದ ಜನರಲ್ ಜಿಯಾ ಅದನ್ನು ಕಡಲೆಕಾಯಿ ಅಂತ ತಳ್ಳಿಹಾಕಿದರು. 1981ರಲ್ಲಿ ರೇಗನ್ ಸರ್ಕಾರ ಆರು ವರ್ಷಕ್ಕೆ 320 ಕೋಟಿ ಡಾಲರ್ ಕೊಡಲು ಒಪ್ಪಿತು. ಅಫ್ಘಾನ್ ಹೋರಾಟಗಾರರಿಗೆ ಹೋಗುವ ಶಸ್ತ್ರ ಮತ್ತು ದುಡ್ಡು ಬೇರೆ. ಅದೆಲ್ಲಾ ಐಎಸ್‌ಐ ಮೂಲಕವೇ ಹೋಗಬೇಕು, ಸಿಐಎ ನೇರ ಹಂಚಬಾರದು ಅಂತ ಜಿಯಾ ಪಟ್ಟು ಹಿಡಿದರು. ಯಾರಿಗೆ ಎಷ್ಟು ಅಂತ ತೀರ್ಮಾನಿಸಿದ್ದು ಐಎಸ್‌ಐ. ಗುಲ್ಬುದ್ದೀನ್ ಹೆಕ್ಮತ್ಯಾರ್ ಗುಂಪಿಗೆ ದೊಡ್ಡ ಪಾಲು ಸಿಕ್ಕಿತು. ಅವರು ಪಾಕಿಸ್ತಾನಕ್ಕೆ ಹತ್ತಿರದವರು, ಅಮೆರಿಕವನ್ನು ಬಾಯಿತುಂಬ ಬೈಯುವವರು. ದುಡ್ಡು ಕೊಟ್ಟವರ ಕೈಯಲ್ಲಿ ಲೆಕ್ಕದ ಪುಸ್ತಕ ಇರಲಿಲ್ಲ.

1988ರ ಏಪ್ರಿಲ್ 10ರಂದು ರಾವಲ್ಪಿಂಡಿ ಬಳಿಯ ಓಜ್ರಿ ಶಸ್ತ್ರ ಉಗ್ರಾಣ ಸ್ಫೋಟಗೊಂಡಿತು. ರಾಕೆಟ್‌ಗಳು ಪೇಟೆಯ ಮೇಲೆ ಬಿದ್ದು ಜನ ಸತ್ತರು. ಅಪಘಾತವೋ, ಯಾರಾದರೂ ಬೇಕೆಂದೇ ಮಾಡಿದ್ದೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಅದೇ ಆಗಸ್ಟ್ 17ರಂದು ಜಿಯಾ ಅವರ ವಿಮಾನ ಬಿತ್ತು. ಅಮೆರಿಕದ ರಾಯಭಾರಿ ಆರ್ನಾಲ್ಡ್ ರಾಫೆಲ್ ಅದೇ ವಿಮಾನದಲ್ಲಿದ್ದರು. ಅದರ ಮೇಲೂ ಅನುಮಾನ ಇದೆ.

ಪಾಕಿಸ್ತಾನ ಅಣುಬಾಂಬ್ ಮಾಡುವುದು ಅಮೆರಿಕಕ್ಕೆ ಗೊತ್ತಿರಲಿಲ್ವಾ?

ಗೊತ್ತಿತ್ತು. ಸೋವಿಯತ್ ಸೇನೆ ಕಾಬೂಲಿನಲ್ಲಿ ಇರುವಷ್ಟು ದಿನ ಅದನ್ನು ದೊಡ್ಡದು ಮಾಡಲಿಲ್ಲ. 1985ರಲ್ಲಿ ಪ್ರೆಸ್ಲರ್ ತಿದ್ದುಪಡಿ ಎಂಬ ಅಮೆರಿಕದ ಕಾನೂನು ಬಂತು. ಪಾಕಿಸ್ತಾನದ ಬಳಿ ಬಾಂಬ್ ಇಲ್ಲ ಅಂತ ಅಮೆರಿಕದ ಅಧ್ಯಕ್ಷರು ಪ್ರತಿ ವರ್ಷ ಬರೆದುಕೊಟ್ಟರೆ ಮಾತ್ರ ನೆರವು. 1989ರವರೆಗೂ ಬರೆದುಕೊಟ್ಟರು. ಸೋವಿಯತ್ ಸೇನೆ ಹಿಂದೆ ಹೋದದ್ದು 1989ರ ಫೆಬ್ರವರಿಯಲ್ಲಿ. 1990ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬುಷ್ ಬರೆದುಕೊಡಲಿಲ್ಲ, ನೆರವು ನಿಂತಿತು. ಪಾಕಿಸ್ತಾನ ದುಡ್ಡು ಕಟ್ಟಿದ್ದ 28 ಎಫ್-16 ವಿಮಾನಗಳು ಅಮೆರಿಕದ ಮರುಭೂಮಿಯಲ್ಲೇ ನಿಂತವು. 1998ರ ಕೊನೆಗೆ ಆ ಬಾಕಿ ಇತ್ಯರ್ಥವಾಯಿತು. ಒಂದು ಪಾಲು ಹಣವಾಗಿ ಬಂತು, ಒಂದು ಪಾಲು ಗೋಧಿಯಂಥ ಸಾಮಾನಾಗಿ.

ನಾನು ಭಾರತೀಯ. ಆ ವಿಮಾನ ಹೋಗಲಿಲ್ಲ ಅಂತ ನನಗೆ ಸಮಾಧಾನವೇ ಇದೆ. ಆದರೆ ದುಡ್ಡು ಕಟ್ಟಿಯೂ ಸಾಮಾನು ಬರದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಆ ಸಿಟ್ಟನ್ನು ಬಿಟ್ಟು ಮುಂದಿನ ಕತೆ ಅರ್ಥವಾಗುವುದಿಲ್ಲ.

ಈ ಲೆಕ್ಕದ ಇನ್ನೊಂದು ಬದಿಯಲ್ಲಿ ಪಾಕಿಸ್ತಾನದ ಅಣು ವಿಜ್ಞಾನಿ ಎ. ಕ್ಯೂ. ಖಾನ್ ಇದ್ದರು. ಅಣು ತಂತ್ರಜ್ಞಾನವನ್ನು ಬೇರೆ ದೇಶಗಳಿಗೆ ಕೊಟ್ಟದ್ದನ್ನು 2004ರ ಫೆಬ್ರವರಿ 4ರಂದು ಟಿವಿಯಲ್ಲಿ ಒಪ್ಪಿಕೊಂಡರು. ಮರುದಿನವೇ ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಕ್ಷಮೆ ಕೊಟ್ಟರು. ಅವರನ್ನು ನೇರವಾಗಿ ವಿಚಾರಿಸಲು ಅಮೆರಿಕಕ್ಕೆ ಬಿಡಲೇ ಇಲ್ಲ.

## 2001ರ ಮೇಲಿನ ಪ್ರಶ್ನೆಗಳು

ಡ್ರೋನ್ ದಾಳಿಗೆ ಪಾಕಿಸ್ತಾನ ಹೊರಗಿಂದ ಬೈದು ಒಳಗಿಂದ ಒಪ್ಪಿತ್ತಂತೆ, ಹೌದಾ?

ಶುರುವಿನಲ್ಲಿ ಹೌದು. 2004ರ ಜೂನ್‌ನಲ್ಲಿ ದಕ್ಷಿಣ ವಜೀರಿಸ್ತಾನದಲ್ಲಿ ನೇಕ್ ಮುಹಮ್ಮದ್ ಎಂಬ ತಾಲಿಬಾನ್ ನಾಯಕ ಸತ್ತಾಗ, ಅದು ನಮ್ಮ ಕೆಲಸ ಅಂತ ಪಾಕಿಸ್ತಾನದ ಸೇನೆಯೇ ಹೇಳಿಕೊಂಡಿತು. ಹೊಡೆದದ್ದು ಅಮೆರಿಕದ ಡ್ರೋನ್. ಡ್ರೋನ್‌ಗಳು ಬಲೂಚಿಸ್ತಾನದ ಶಮ್ಸಿ ವಾಯುನೆಲೆಯಿಂದಲೂ ಹಾರುತ್ತಿದ್ದವು. 2010ರಲ್ಲಿ ವಿಕಿಲೀಕ್ಸ್ ಹೊರಹಾಕಿದ ಅಮೆರಿಕನ್ ರಾಯಭಾರಿಯ ತಂತಿ ಸಂದೇಶವೊಂದಿದೆ. ಸಂಸತ್ತಿನಲ್ಲಿ ನಾವು ಪ್ರತಿಭಟಿಸುತ್ತೇವೆ, ಆಮೇಲೆ ಸುಮ್ನೆ ಇರುತ್ತೇವೆ ಎಂಬ ಅರ್ಥದ ಮಾತನ್ನು ಪ್ರಧಾನಿ ಗಿಲಾನಿ ಆಡಿದ್ದರು ಅಂತ ಅದರಲ್ಲಿ ಬರೆದಿದೆ.

ಇದರಿಂದ ಏನಾಯಿತು ನೋಡಿ. ಮೇಲಿನವರಿಗೆ ಒಪ್ಪಂದ ಗೊತ್ತು. ಕೆಳಗಿನ ಜನಕ್ಕೆ ಗೊತ್ತಿಲ್ಲ. ತಮ್ಮ ಊರಿನ ಮೇಲೆ ಬಾಂಬ್ ಬೀಳುವಾಗ ಯಾರನ್ನು ಕೇಳಬೇಕು ಅಂತ ವಜೀರಿಸ್ತಾನದ ಬಡ ಮನೆಗಳಿಗೆ ಗೊತ್ತಾಗಲಿಲ್ಲ.

ಲಾಹೋರಿನಲ್ಲಿ ಇಬ್ಬರನ್ನು ಕೊಂದ ಅಮೆರಿಕನ್ನನನ್ನು ದುಡ್ಡು ಕೊಟ್ಟು ಬಿಡಿಸಿದ್ದು ಹೇಗೆ?

2011ರ ಜನವರಿ 27. ಲಾಹೋರಿನ ಜನಜಂಗುಳಿಯ ರಸ್ತೆಯಲ್ಲಿ ರೇಮಂಡ್ ಡೇವಿಸ್ ಎಂಬ ಅಮೆರಿಕನ್ನ ಬೈಕಿನಲ್ಲಿದ್ದ ಇಬ್ಬರಿಗೆ ಗುಂಡು ಹೊಡೆದ. ದರೋಡೆಗೆ ಬಂದರು ಅಂತ ಅವನ ಮಾತು. ಅವನನ್ನು ಕರೆದೊಯ್ಯಲು ತಪ್ಪು ದಿಕ್ಕಿನಲ್ಲಿ ಓಡಿ ಬಂದ ಗಾಡಿ ಇನ್ನೊಬ್ಬ ದಾರಿಹೋಕನನ್ನು ಕೊಂದಿತು. ಅವನು ರಾಯಭಾರ ಕಚೇರಿಯವನು, ರಕ್ಷಣೆ ಇದೆ, ಬಿಡಿ ಅಂತ ಅಮೆರಿಕ ಒತ್ತಾಯಿಸಿತು. ಕೆಲವೇ ವಾರದಲ್ಲಿ ಅವನು ಸಿಐಎ ಗುತ್ತಿಗೆಯವನು ಅಂತ ಪತ್ರಿಕೆಗಳಲ್ಲಿ ಬಂತು.

ಐಎಸ್‌ಐಯನ್ನು ಕೆರಳಿಸಿದ್ದು ಇದೇ. ತಮಗೆ ತಿಳಿಸದೆ ತಮ್ಮ ನೆಲದಲ್ಲಿ ಇಂಥವರು ಎಷ್ಟು ಮಂದಿ ಇದ್ದಾರೆ? ಎರಡು ಸಂಸ್ಥೆಗಳು ಒಟ್ಟಿಗೆ ಕೆಲಸ ಮಾಡುವಾಗ, ನಮ್ಮವರು ಇಂತಿಂಥವರು ಅಂತ ಹೇಳಿ ಇಡುವ ಪದ್ಧತಿ ಇದೆ. ಹಾಗೆ ಹೇಳದೆ ತಂದು ಇಟ್ಟವರು ಸಿಕ್ಕಿಬಿದ್ದರೆ, ಹೇಳಿದವರ ಮೇಲಿನ ನಂಬಿಕೆಯೂ ಹೋಗುತ್ತದೆ.

ಕೊನೆಗೆ ದಿಯತ್ ಎಂಬ ಇಸ್ಲಾಮಿಕ್ ಕಾನೂನಿನ ದಾರಿ ಹಿಡಿದರು. ಸತ್ತವರ ಮನೆಯವರಿಗೆ 20 ಲಕ್ಷ ಡಾಲರ್‌ಗೂ ಜಾಸ್ತಿ ಪರಿಹಾರ ಕೊಟ್ಟು, ಅವರಿಂದ ಕ್ಷಮೆ ಪಡೆದು, ಮಾರ್ಚ್ 16ರಂದು ಅವನನ್ನು ವಿಮಾನ ಹತ್ತಿಸಿದರು. ಇದನ್ನು ಹೊಂದಿಸಿಕೊಟ್ಟವರಲ್ಲಿ ಐಎಸ್‌ಐ ಮುಖ್ಯಸ್ಥರೂ ಇದ್ದರು. ಮರುದಿನವೇ, ಮಾರ್ಚ್ 17ರಂದು, ಉತ್ತರ ವಜೀರಿಸ್ತಾನದ ದತ್ತಾಖೇಲ್‌ನಲ್ಲಿ ಗಣಿಯ ವಿವಾದ ತೀರಿಸಲು ಹಿರಿಯರು ಸೇರಿದ್ದ ಪಂಚಾಯಿತಿಯ ಮೇಲೆ ಡ್ರೋನ್ ದಾಳಿಯಾಯಿತು. ಸುಮಾರು 40 ಮಂದಿ ಸತ್ತರು.

ದುಡ್ಡಿನ ಮೊತ್ತವನ್ನು ಎಲ್ಲರೂ ಕೇಳುತ್ತಾರೆ. ಸತ್ತ ಯುವಕರಲ್ಲಿ ಒಬ್ಬನ ಹೆಂಡತಿ, ನ್ಯಾಯ ಸಿಗುವುದಿಲ್ಲ ಅಂತ ವಿಷ ಕುಡಿದು ಫೆಬ್ರವರಿಯಲ್ಲೇ ತೀರಿಕೊಂಡಳು. ಅವಳ ಬಗ್ಗೆ ನನ್ನನ್ನು ಯಾರೂ ಕೇಳಿಲ್ಲ. ಹಾಗಾಗಿ ನಾನೇ ಹೇಳುತ್ತಿದ್ದೇನೆ.

ಶಾರ್ಜಾದಲ್ಲಿ ನನ್ನ ರೂಮಿನಲ್ಲಿರುವ ಪಠಾಣ ಅಬೊಟ್ಟಾಬಾದ್ ಎಲ್ಲಾ ನಾಟಕ ಅಂತಾನೆ. ಪಾಕಿಸ್ತಾನಕ್ಕೆ ಗೊತ್ತಿತ್ತಾ, ಇಲ್ವಾ?

ನಿನ್ನ ರೂಮಿನವನ ಮೇಲೆ ಸಿಟ್ಟು ಮಾಡಬೇಡ ಮಗಾ. ಅವನ ದೇಶದಲ್ಲಿ ಬಹಳ ಮಂದಿ ಹಾಗೆಯೇ ನಂಬಿದ್ದಾರೆ. ಅದಕ್ಕೆ ಕಾರಣವೂ ಇದೆ.

ಗೊತ್ತಿರುವುದು ಇಷ್ಟು. 2011ರ ಮೇ 2ರ ನಡುರಾತ್ರಿ ಅಫ್ಘಾನಿಸ್ತಾನದ ಜಲಾಲಾಬಾದಿನಿಂದ ಅಮೆರಿಕದ ಎರಡು ಹೆಲಿಕಾಪ್ಟರ್ ಪಾಕಿಸ್ತಾನದ ಅಬೊಟ್ಟಾಬಾದಿಗೆ, ಅಲ್‌ಖೈದಾ ನಾಯಕ ಬಿನ್ ಲಾಡೆನ್ ಅಡಗಿದ್ದ ಮನೆಗೆ ಬಂದವು. ಒಂದು ಆವರಣದ ಒಳಗೇ ಬಿತ್ತು. ಸುಮಾರು 40 ನಿಮಿಷದಲ್ಲಿ ಬಿನ್ ಲಾಡೆನ್‌ನನ್ನು ಕೊಂದು, ಬಿದ್ದ ಹೆಲಿಕಾಪ್ಟರನ್ನು ಸ್ಫೋಟಿಸಿ ಹೊರಟರು. ಆ ಮನೆಗೆ ಫೋನ್ ಇಲ್ಲ, ಇಂಟರ್ನೆಟ್ ಇಲ್ಲ. ಕಸವನ್ನು ಹೊರಗೆ ಹಾಕದೆ ಒಳಗೇ ಸುಡುತ್ತಿದ್ದರು. ಎತ್ತರದ ಗೋಡೆ. ಕಾಕುಲ್‌ನ ಸೇನಾ ಅಕಾಡೆಮಿ ಅಲ್ಲಿಂದ ಒಂದೆರಡು ಕಿಲೋಮೀಟರ್ ಕೂಡ ಇಲ್ಲ. ಪಾಕಿಸ್ತಾನಕ್ಕೆ ಮೊದಲೇ ತಿಳಿಸಲಿಲ್ಲ. ತಿಳಿಸಿದರೆ ಒಳಗಿರುವವರಿಗೆ ಸುಳಿವು ಹೋಗಬಹುದಿತ್ತು ಅಂತ ಸಿಐಎ ಮುಖ್ಯಸ್ಥ ಲಿಯಾನ್ ಪನೆಟ್ಟಾ ಆಮೇಲೆ ಬಾಯಿಬಿಟ್ಟು ಹೇಳಿದರು. ಹತ್ತು ವರ್ಷ ಒಟ್ಟಿಗೆ ಯುದ್ಧ ಮಾಡಿದ ಮಿತ್ರನ ಬಗ್ಗೆ ಆಡಿದ ಮಾತು ಅದು.

ಇನ್ನೊಂದು ಬದಿ ನೋಡು. 2003ರ ಮಾರ್ಚ್‌ನಲ್ಲಿ ರಾವಲ್ಪಿಂಡಿಯಲ್ಲಿ, ಅಮೆರಿಕದ ಮೇಲಿನ 2001ರ ದಾಳಿಯ ಸೂತ್ರಧಾರ ಖಾಲಿದ್ ಶೇಖ್ ಮೊಹಮ್ಮದ್‌ನನ್ನು ಹಿಡಿದಾಗ ಐಎಸ್‌ಐ ಸಹಾಯ ಇತ್ತು. ಅಲ್‌ಖೈದಾದ ದೊಡ್ಡವರು ಹಲವರು ಸಿಕ್ಕಿದ್ದು ಪಾಕಿಸ್ತಾನದ ಪೇಟೆಗಳಲ್ಲಿ, ಅಲ್ಲಿನವರ ನೆರವಿನಿಂದ. ಅಬೊಟ್ಟಾಬಾದಿನ ಮನೆಯಲ್ಲಿ ಸಿಕ್ಕಿದ ಕಾಗದಪತ್ರಗಳಲ್ಲಿ ಪಾಕಿಸ್ತಾನದ ಮೇಲಿನವರಿಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ ಸಿಗಲಿಲ್ಲ ಅಂತ ಅಮೆರಿಕದ ಅಧಿಕಾರಿಗಳೇ ಹೇಳಿದ್ದಾರೆ. ಪಾಕಿಸ್ತಾನ ನೇಮಿಸಿದ ಆಯೋಗದ ವರದಿ 2013ರಲ್ಲಿ ಸೋರಿ ಹೊರಬಂತು. ಅದು ತನ್ನವರ ಬೇಜವಾಬ್ದಾರಿಯನ್ನೂ ಕೈಲಾಗದತನವನ್ನೂ ಖಾರವಾಗಿ ಬೈದಿದೆ. ಪಾಕಿಸ್ತಾನದ ಸೇನೆಗೆ ಎಲ್ಲಾ ಗೊತ್ತಿತ್ತು ಅಂತ ಸೀಮೋರ್ ಹರ್ಷ್ ಎಂಬ ಪತ್ರಕರ್ತ 2015ರಲ್ಲಿ ಬರೆದರು. ಅಮೆರಿಕ ಅದನ್ನು ಅಲ್ಲಗಳೆಯಿತು.

ನನ್ನ ತೀರ್ಮಾನ ಕೇಳಿದರೆ, ಮೇಲಿನವರಿಗೆಲ್ಲಾ ಗೊತ್ತಿತ್ತು ಎಂಬುದಕ್ಕೆ ಪುರಾವೆ ಸಾಲದು. ಯಾರಿಗೂ ಏನೂ ಗೊತ್ತಿರಲಿಲ್ಲ ಎಂಬುದನ್ನು ನಂಬುವುದೂ ಕಷ್ಟ. ನಾಟಕ ಅಂತೂ ಅಲ್ಲ. ಆ ಹೆಲಿಕಾಪ್ಟರಿನ ಉಳಿದ ಬಾಲವನ್ನು ಜನ ಕಣ್ಣಾರೆ ನೋಡಿದ್ದಾರೆ. ಅದನ್ನು ಚೀನಾದವರಿಗೆ ತೋರಿಸಿದರು ಎಂಬ ಆರೋಪವೂ ಬಂತು, ಪಾಕಿಸ್ತಾನ ಮತ್ತು ಚೀನಾ ಇಲ್ಲ ಅಂದವು. ಕೆಲವು ವಾರದ ಮೇಲೆ ಅದನ್ನು ಅಮೆರಿಕಕ್ಕೆ ವಾಪಸ್ ಕೊಟ್ಟರು.

ಇಷ್ಟೆಲ್ಲಾ ಆದ ಮೇಲೂ ಬಿಟ್ಟುಬಿಡದೆ ಯಾಕೆ ಇದ್ದರು?

ನಕ್ಷೆ ತೆಗೆದು ನೋಡಿ. ಅಫ್ಘಾನಿಸ್ತಾನಕ್ಕೆ ಸಮುದ್ರ ಇಲ್ಲ. ಅಲ್ಲಿದ್ದ ಅಮೆರಿಕನ್ ಸೈನಿಕರ ಎಣ್ಣೆ, ಊಟ, ಗಾಡಿ ಬಹಳಷ್ಟು ಕರಾಚಿ ಬಂದರಿಗೆ ಬಂದು ತೋರ್ಖಂ, ಚಮನ್ ಗಡಿ ದಾಟಬೇಕು. 2011ರ ನವೆಂಬರ್ 26ರಂದು ಸಲಾಲ ಗಡಿಠಾಣೆಯ ಮೇಲೆ ನಾಟೋ ದಾಳಿಯಲ್ಲಿ 24 ಪಾಕಿಸ್ತಾನಿ ಸೈನಿಕರು ಸತ್ತರು. ಪಾಕಿಸ್ತಾನ ಗಡಿ ಮುಚ್ಚಿತು, ಶಮ್ಸಿ ನೆಲೆ ಖಾಲಿ ಮಾಡಿಸಿತು. ಏಳು ತಿಂಗಳು ಲಾರಿಗಳು ನಿಂತಲ್ಲೇ ನಿಂತವು. 2012ರ ಜುಲೈಯಲ್ಲಿ ಅಮೆರಿಕದ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ವಿಷಾದ ಹೇಳಿದ ಮೇಲೆ ದಾರಿ ತೆರೆಯಿತು. ಗಡಿಯ ದಾರಿಗೆ ಎಷ್ಟು ಬೆಲೆ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಕೇರಳ–ಕರ್ನಾಟಕ ಗಡಿಯ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಾವು ಪಟ್ಟ ಪಾಡು ಇನ್ನೂ ಮರೆತಿಲ್ಲ.

ಅಮೆರಿಕಕ್ಕೆ ಇನ್ನೊಂದು ಚಿಂತೆ, ಪಾಕಿಸ್ತಾನದ ಅಣ್ವಸ್ತ್ರಗಳು ಯಾರ ಕೈಗೆ ಹೋಗುತ್ತವೆ ಎಂಬುದು. ದೂರ ಹೋದರೆ ಅದನ್ನು ನೋಡುವ ಕಿಟಕಿಯೂ ಮುಚ್ಚುತ್ತದೆ. ಪಾಕಿಸ್ತಾನಕ್ಕೂ ಡಾಲರ್ ಬೇಕು, ವಿಮಾನದ ಬಿಡಿಭಾಗ ಬೇಕು. 2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇನಾ ಮುಖ್ಯಸ್ಥ ಅಡ್ಮಿರಲ್ ಮೈಕ್ ಮುಲ್ಲನ್, ಅಫ್ಘಾನಿಸ್ತಾನದಲ್ಲಿ ಅಮೆರಿಕದ ವಿರುದ್ಧ ಹೋರಾಡುತ್ತಿದ್ದ ಹಕ್ಕಾನಿ ಗುಂಪು ಐಎಸ್‌ಐಯ ಕೈ ಇದ್ದ ಹಾಗೆ ಅಂತ ಸೆನೆಟ್ ಎದುರು ಹೇಳಿದರು. 2018ರ ಜನವರಿ 1ರಂದು ಟ್ರಂಪ್, 33 ಬಿಲಿಯನ್ ಡಾಲರ್ ಕೊಟ್ಟದ್ದಕ್ಕೆ ಸುಳ್ಳು ಮತ್ತು ಮೋಸ ಮಾತ್ರ ಸಿಕ್ಕಿತು ಅಂತ ಬರೆದರು. ಎರಡು ಸಲವೂ ರಾಯಭಾರ ಕಚೇರಿಗಳು ಮುಚ್ಚಲಿಲ್ಲ.

## ಇನ್ನೂ ಗಟ್ಟಿ ಪ್ರಶ್ನೆಗಳು

ಹೆಡ್ಲಿ ಅಮೆರಿಕದ ಮಾಹಿತಿದಾರ ಆಗಿದ್ದನಲ್ಲ, ಮುಂಬೈ ದಾಳಿಗೆ ಮೊದಲು ಅವರು ನಮಗೆ ಯಾಕೆ ಹೇಳಲಿಲ್ಲ?

ಈ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಡೇವಿಡ್ ಹೆಡ್ಲಿ ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆಯ ಮಾಹಿತಿದಾರನಾಗಿದ್ದ. ಲಷ್ಕರ್‌ಗಾಗಿ ಮುಂಬೈಗೆ ಬಂದು ತಾಜ್ ಮತ್ತು ಇತರ ಜಾಗಗಳ ವೀಡಿಯೊ ತೆಗೆದ. ಅವನ ಮೇಲೆ ಅವನ ಹೆಂಡತಿಯರೇ ಅಮೆರಿಕದ ಅಧಿಕಾರಿಗಳಿಗೆ ಮೊದಲೇ ದೂರು ಕೊಟ್ಟಿದ್ದರು. 26/11ಕ್ಕೆ ಮೊದಲು ಅಮೆರಿಕ ನಮಗೆ ಮುಂಬೈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹೆಡ್ಲಿಯ ಹೆಸರು ಅದರಲ್ಲಿ ಇರಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಅವನು ಶಿಕಾಗೋದಲ್ಲಿ ಸೆರೆಯಾದ. ತಪ್ಪೊಪ್ಪಿಕೊಂಡು, ಭಾರತಕ್ಕೆ ಒಪ್ಪಿಸುವುದಿಲ್ಲ ಎಂಬ ಭರವಸೆ ಪಡೆದ. 2013ರಲ್ಲಿ 35 ವರ್ಷದ ಶಿಕ್ಷೆಯಾಯಿತು. ಅವನ ಜೊತೆಗಾರ ತಹವ್ವುರ್ ರಾಣಾ ಮಾತ್ರ 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದ.

ಅಲ್ಲಿನ ಒಂದು ಇಲಾಖೆಗೆ ಗೊತ್ತಿದ್ದದ್ದು ಇನ್ನೊಂದಕ್ಕೆ ಹೋಗಲಿಲ್ಲ ಎಂಬುದು ಒಂದು ವಿವರಣೆ. ತಮ್ಮ ಮಾಹಿತಿದಾರನನ್ನು ಬಿಟ್ಟುಕೊಡಲು ಯಾವ ಸಂಸ್ಥೆಗೂ ಮನಸ್ಸು ಬರುವುದಿಲ್ಲ ಎಂಬುದು ಇನ್ನೊಂದು. 166 ಜೀವ ಹೋದ ಮೇಲೆ ಈ ಎರಡೂ ವಿವರಣೆ ನನಗೆ ಸಾಕಾಗುವುದಿಲ್ಲ.

ಹಾಗಾದರೆ ನಮ್ಮ ಮೇಲೂ ಅಮೆರಿಕ ಕಣ್ಣಿಟ್ಟಿದೆಯಾ?

ಇಟ್ಟಿದೆ. ನಮ್ಮ ರಾ ಸಂಸ್ಥೆಯ ಹಿರಿಯ ಅಧಿಕಾರಿ ರಬೀಂದರ್ ಸಿಂಗ್ 2004ರಲ್ಲಿ ನೇಪಾಳದ ದಾರಿಯಾಗಿ ಅಮೆರಿಕಕ್ಕೆ ಓಡಿಹೋದರು. ಸಿಐಎಗೆ ಮಾಹಿತಿ ಕೊಡುತ್ತಿದ್ದರು ಎಂಬ ಆರೋಪ. 2014ರಲ್ಲಿ, ಅಮೆರಿಕ ಬಿಜೆಪಿಯ ಮೇಲೆ ಬೇಹು ನಡೆಸಲು ಅನುಮತಿ ಪಡೆದಿತ್ತು ಎಂಬ ಸುದ್ದಿ ಬಂದಾಗ ನಮ್ಮ ವಿದೇಶಾಂಗ ಇಲಾಖೆ ಅವರ ಅಧಿಕಾರಿಯನ್ನು ಕರೆಸಿ ಕೇಳಿತು.

ಒಟ್ಟಿಗೆ ಕೆಲಸ ಮಾಡಿದ್ದೂ ಉಂಟು. 1965ರಲ್ಲಿ ಚೀನಾದ ಅಣು ಪರೀಕ್ಷೆಗಳನ್ನು ಕೇಳಲು ಸಿಐಎ ಮತ್ತು ನಮ್ಮವರು ಸೇರಿ ಪ್ಲುಟೋನಿಯಂನಿಂದ ನಡೆಯುವ ಉಪಕರಣವನ್ನು ನಂದಾದೇವಿ ಬೆಟ್ಟಕ್ಕೆ ಹೊತ್ತರು. ಹಿಮಗಾಳಿ ಬಂತೆಂದು ಅಲ್ಲೇ ಬಿಟ್ಟು ಇಳಿದರು. ಮರುವರ್ಷ ಹೋದಾಗ ಅದು ಇರಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಜನಕ್ಕೆ ಗೊತ್ತಾದದ್ದು 1978ರಲ್ಲಿ, ಮೊರಾರ್ಜಿ ದೇಸಾಯಿ ಸಂಸತ್ತಿಗೆ ಹೇಳಿದ ಮೇಲೆ.

ನಾನು ಅಂಗನವಾಡಿ ಟೀಚರ್. ಲಸಿಕೆ ಹಾಕುವ ನೆಪದಲ್ಲಿ ಬೇಹು ಮಾಡಿದರು ಅಂತ ಕೇಳಿ ಬೇಜಾರಾಯ್ತು. ಅದು ನಿಜವಾ ಮಾಷ್ಟ್ರೇ?

ನಿಜ ಟೀಚರ್. ಈ ಇಡೀ ಕತೆಯಲ್ಲಿ ನನ್ನ ಹೊಟ್ಟೆ ಉರಿಯುವುದು ಇಲ್ಲೇ.

ಅಬೊಟ್ಟಾಬಾದಿನ ಆ ಮನೆಯಲ್ಲಿ ಇರುವವರು ಯಾರು ಅಂತ ತಿಳಿಯಲು ಸಿಐಎಗೆ ಮಕ್ಕಳ ಡಿಎನ್‌ಎ ಬೇಕಿತ್ತು. ಶಕೀಲ್ ಅಫ್ರಿದಿ ಎಂಬ ಸರ್ಕಾರಿ ವೈದ್ಯನ ಮೂಲಕ ಆ ಊರಿನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಅಭಿಯಾನ ನಡೆಸಿದರು. 2011ರ ಜುಲೈಯಲ್ಲಿ ಇದು ಬಯಲಾಯಿತು.

ಪೋಲಿಯೊ ಹನಿಗೂ ಇದಕ್ಕೂ ಸಂಬಂಧ ಇರಲಿಲ್ಲ. ಆದರೆ ಮನೆ ಬಾಗಿಲಿಗೆ ಬರುವ ಹೆಂಗಸು ಯಾರ ಕಡೆಯವಳು ಎಂಬ ಸಂಶಯಕ್ಕೆ ಈಗ ಕಾರಣ ಸಿಕ್ಕಿತು. ಲಸಿಕೆ ಅಂದರೆ ಪಿತೂರಿ ಅಂತ ಮೊದಲಿಂದಲೂ ಹೇಳುತ್ತಿದ್ದವರ ಮಾತಿಗೆ ಬಲ ಬಂತು. 2012ರ ಜೂನ್‌ನಲ್ಲಿ ಉತ್ತರ ವಜೀರಿಸ್ತಾನದ ತಾಲಿಬಾನ್ ನಾಯಕ, ಡ್ರೋನ್ ನಿಲ್ಲಿಸುವವರೆಗೆ ಪೋಲಿಯೊ ಹನಿ ಬೇಡ ಅಂತ ನಿಷೇಧಿಸಿದ. ಅದೇ ಡಿಸೆಂಬರ್‌ನಲ್ಲಿ ಕರಾಚಿ, ಪೇಶಾವರದ ಕಡೆ ಕೆಲವೇ ದಿನದಲ್ಲಿ ಪೋಲಿಯೊ ಕೆಲಸದವರನ್ನು ಒಬ್ಬೊಬ್ಬರಾಗಿ ಗುಂಡಿಟ್ಟು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ದಿನಗೂಲಿಗೆ ಐಸ್ ಪೆಟ್ಟಿಗೆ ಹಿಡಿದು ಬಿಸಿಲಲ್ಲಿ ಮನೆ ಮನೆ ಹತ್ತುವವರು.

2014ರಲ್ಲಿ ಪಾಕಿಸ್ತಾನದಲ್ಲಿ 306 ಮಕ್ಕಳಿಗೆ ಪೋಲಿಯೊ ಬಂತು. ಅದೇ ವರ್ಷದ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತ್ತು. ಎಲ್ಲಾ 306ಕ್ಕೂ ಆ ಸುಳ್ಳು ಅಭಿಯಾನವೇ ಕಾರಣ ಅಂತ ನಾನು ಹೇಳುವುದಿಲ್ಲ. ಯುದ್ಧ ಇತ್ತು, ತಾಲಿಬಾನ್ ಇತ್ತು, ಜನ ಊರು ಬಿಟ್ಟು ಓಡುತ್ತಿದ್ದರು. ಆದರೆ ಅದಕ್ಕೂ ಒಂದು ಪಾಲು ಇದೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಕಾಲೇಜುಗಳ 12 ಡೀನ್‌ಗಳು 2013ರಲ್ಲಿ ಅಧ್ಯಕ್ಷ ಒಬಾಮಾಗೆ ಪತ್ರ ಬರೆದು ಪ್ರತಿಭಟಿಸಿದರು. ಇನ್ನು ಮೇಲೆ ಸಿಐಎ ಲಸಿಕೆ ಅಭಿಯಾನವನ್ನು ಬಳಸುವುದಿಲ್ಲ ಅಂತ ಶ್ವೇತಭವನ 2014ರ ಮೇ ತಿಂಗಳಲ್ಲಿ ಉತ್ತರ ಕೊಟ್ಟಿತು.

ಆ ಡಾಕ್ಟರ್ ಆಮೇಲೆ ಏನಾದರು?

ದಾಳಿಯಾಗಿ ಮೂರು ವಾರಕ್ಕೆ ಸೆರೆಯಾದರು. 2012ರ ಮೇ ತಿಂಗಳಲ್ಲಿ ಬುಡಕಟ್ಟು ಪ್ರದೇಶದ ಹಳೆಯ ಕಾನೂನಿನಲ್ಲಿ 33 ವರ್ಷದ ಶಿಕ್ಷೆಯಾಯಿತು. ತೀರ್ಪಿನಲ್ಲಿ ಸಿಐಎ ಕೆಲಸಕ್ಕೆ ಅಂತ ಬರೆಯಲಿಲ್ಲ, ಒಂದು ಉಗ್ರ ಗುಂಪಿನ ಜೊತೆ ನಂಟು ಅಂತ ಬರೆದರು. ಅಮೆರಿಕದ ಸೆನೆಟ್ ಸಮಿತಿ ಸಿಟ್ಟಿನಿಂದ ಪಾಕಿಸ್ತಾನದ ನೆರವಿನಲ್ಲಿ 3.3 ಕೋಟಿ ಡಾಲರ್ ಕಡಿಯಿತು. ಶಿಕ್ಷೆಯ ಒಂದು ವರ್ಷಕ್ಕೆ ಹತ್ತು ಲಕ್ಷದ ಲೆಕ್ಕ. ಅದರಿಂದ ಜೈಲಿನ ಬಾಗಿಲು ತೆರೆಯಲಿಲ್ಲ. 2014ರಲ್ಲಿ ಶಿಕ್ಷೆ 23 ವರ್ಷಕ್ಕೆ ಇಳಿಯಿತು. ತಾನು ಅಧ್ಯಕ್ಷನಾದರೆ ಎರಡು ನಿಮಿಷದಲ್ಲಿ ಬಿಡಿಸುತ್ತೇನೆ ಅಂತ 2016ರ ಚುನಾವಣೆಯ ಹೊತ್ತಿಗೆ ಟ್ರಂಪ್ ಹೇಳಿದ್ದರು. ಅವರು ಗೆದ್ದರು. ನಾಲ್ಕು ವರ್ಷ ಅಧಿಕಾರ ಮಾಡಿ ಇಳಿದರು. ಡಾಕ್ಟರ್ ಆಗಲೂ ಜೈಲಿನಲ್ಲೇ ಇದ್ದರು.